ರೆಕ್ಕೆಗೆ ಕಟ್ಟಿದ ಕಣ್ಣು

ವಿಮಾನಪ್ರಯಾಣವೆಂದರೆ ನಮ್ಮ ಸಂಘದ ಸದಸ್ಯರಿಗೆ ಈಗ ಹೊಸ ಸಂಗತಿಯೇನಲ್ಲ. ಮಕ್ಕಳು ಮೊಮ್ಮಕ್ಕಳು ಸಮುದ್ರದಾಚೆ ಇರುವ ಮನೆಗಳು ನಮ್ಮದೊಂದು ಕಟ್ಟಡದಲ್ಲಿಯೇ ಏಳೆಂಟು. ಅವರನ್ನು ನೋಡಲು ಹೋಗುವಾಗ ಹದಿನೆಂಟು ಇಪ್ಪತ್ತು ಗಂಟೆ ಆ ದೊಡ್ಡ ವಿಮಾನದ ಹೊಟ್ಟೆಯಲ್ಲಿ ಕುಳಿತು, ಕೊಟ್ಟದ್ದನ್ನು ತಿಂದು, ನಿದ್ದೆ ಬಾರದೆ ಹೊರಳಾಡಿ, ಕೊನೆಗೆ ಮೊಣಕಾಲು ಹಿಡಿದುಕೊಂಡು ಇಳಿಯುವುದು ಎಲ್ಲರೂ ಬಲ್ಲ ಪಾಡು. ಅದರಲ್ಲಿ ಪ್ರಯಾಣವುಂಟು, ಹಾರಿದೆವೆಂಬ ಅನುಭವ ಮಾತ್ರ ಇಲ್ಲ. ಹಗಲಿನಲ್ಲೂ ಕಿಟಕಿಯ ಪರದೆ ಇಳಿಸಿಬಿಡುತ್ತಾರೆ. ನಾಲ್ಕೇ ಜನ ಹಿಡಿಸುವ ಪುಟ್ಟ ವಿಮಾನದಲ್ಲಿ, ಚಾಲಕನ ಮೊಣಕೈಗೆ ನಮ್ಮ ಮೊಣಕೈ ತಾಗುವ ಹಾಗೆ ಕುಳಿತು, ಸಾವಿರ ಅಡಿಯ ಮೇಲೆ ಗಾಳಿಯಲ್ಲಿ ತೂಗುತ್ತ ಹೋಗುವುದು ಬೇರೆಯೇ ಮಾತು. ಹೋದ ವರ್ಷದ ಸಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯದಲ್ಲಿ ಆ ಯೋಗ ನಮಗೆ ಒದಗಿತು. ವಿಮಾನದ ರೆಕ್ಕೆಗೆ ಒಂದು ವಿಡಿಯೊ ಕ್ಯಾಮರಾ ಕಟ್ಟಿಕೊಂಡು ಹೋದದ್ದರಿಂದ ಹೇಳಬೇಕಾದ ವಿಷಯವೂ ತುಸು ಬೆಳೆದಿದೆ.

ನಮ್ಮನ್ನು ಕರೆದೊಯ್ದವನು ಸೋದರಳಿಯ, ಅಕ್ಕನ ಒಬ್ಬನೇ ಮಗ. ಕಂಪ್ಯೂಟರ್ ಕೆಲಸಕ್ಕೆಂದು ಹೋಗಿ ಹದಿನಾಲ್ಕು ವರ್ಷವಾಯಿತು. ವಾರದ ಐದು ದಿನ ಕಚೇರಿ. ಶನಿವಾರ ಬಂತೆಂದರೆ ಪಾಲೊ ಆಲ್ಟೊ ಊರಿನ ಸಣ್ಣ ವಿಮಾನನಿಲ್ದಾಣ. ಅಲ್ಲಿನ ಒಂದು ಕ್ಲಬ್ಬಿನಲ್ಲಿ ದುಡ್ಡು ಕಟ್ಟಿ, ಹಾರಲು ಕಲಿತು, ಲೈಸೆನ್ಸು ಪಡೆದಿದ್ದಾನೆ. ಅಕ್ಕ ಇರುವುದು ಗೋಕರ್ಣದ ಸಮೀಪ ಸಾಣಿಕಟ್ಟಾದಲ್ಲಿ. ವಯಸ್ಸು ಎಪ್ಪತ್ತೆಂಟು. ಮಗ ಹಾರುತ್ತಾನೆಂಬುದು ಅವಳಿಗೆ ತಿಳಿದದ್ದು ತಡವಾಗಿ. ತಿಳಿದ ಮೇಲೆ ಬಯ್ಯಲಿಲ್ಲ, ಅಳಲಿಲ್ಲ, ಶನಿವಾರ ಉಪವಾಸ ಹಿಡಿದಳು. ಫೋನಿನಲ್ಲಿ ಅವನು ವಿಮಾನದ ಮಾತೆತ್ತಿದರೆ ಇವಳು ಮಾವಿನಮಿಡಿಯ ಮಾತೆತ್ತುತ್ತಿದ್ದಳು.

ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಅವಳ ಫೋನಿಗೆ ಒಂದು ವಿಡಿಯೊ ಕಳಿಸಿದರು. 2021ರ ನವೆಂಬರಿನಲ್ಲಿ ಅದೇ ಕ್ಯಾಲಿಫೋರ್ನಿಯದಲ್ಲಿ ಒಬ್ಬಾತ ತನ್ನ ಪುಟ್ಟ ವಿಮಾನಕ್ಕೆ ಅಲ್ಲಲ್ಲಿ ಕ್ಯಾಮರಾ ಕಟ್ಟಿ, ಎಂಜಿನ್ನು ನಿಂತಿತೆಂದು ಹೇಳಿ, ಮೊದಲೇ ಬೆನ್ನಿಗೆ ಬಿಗಿದುಕೊಂಡಿದ್ದ ಪ್ಯಾರಾಚೂಟಿನೊಡನೆ ಹೊರಕ್ಕೆ ಹಾರಿದ. ಆಳಿಲ್ಲದ ವಿಮಾನ ಹೋಗಿ ಬೆಟ್ಟಕ್ಕೆ ಬಡಿಯಿತು. ವಿಚಾರಣೆಯಾದಾಗ ಅದೆಲ್ಲ ಚಿತ್ರಕ್ಕಾಗಿ ಹೂಡಿದ ಆಟವೆಂದು ಹೊರಬಿತ್ತು. ಆತನ ಲೈಸೆನ್ಸು ಹೋಯಿತು. ಬಿದ್ದ ವಿಮಾನದ ಅವಶೇಷಗಳನ್ನು ಗುಟ್ಟಾಗಿ ಸಾಗಿಸಿ ನಾಶಮಾಡಿದ್ದಕ್ಕಾಗಿ 2023ರ ಡಿಸೆಂಬರಿನಲ್ಲಿ ಆರು ತಿಂಗಳ ಸೆರೆಯೂ ಆಯಿತು. ಆದರೆ ಸೆರೆಯ ಸುದ್ದಿ ವಿಡಿಯೊದಲ್ಲಿ ಇರಲಿಲ್ಲ. ಅಕ್ಕ ಕಂಡದ್ದು ಬೀಳುವ ವಿಮಾನವನ್ನು ಮಾತ್ರ.

ನಾವು ಹೊರಡುವ ಮುನ್ನ ಹೇಳಿಬರಲು ಸಾಣಿಕಟ್ಟಾಕ್ಕೆ ಹೋದಾಗ ಅವಳು ಹಪ್ಪಳದ ಕಟ್ಟು, ಮಿಡಿ ಉಪ್ಪಿನಕಾಯಿ ಎಲ್ಲ ಕೊಟ್ಟು, ಬಾಗಿಲ ತನಕ ಬಂದು, ಮೆಲ್ಲನೆ ಅಂದಳು: “ತಮ್ಮಾ, ಅವನು ಹಾರುವಾಗ ನೀವೂ ಕೂತುಬನ್ನಿ. ಏನು ಮಾಡ್ತಾನೆ, ಹೇಗೆ ಮಾಡ್ತಾನೆ, ಒಂದು ಚಿತ್ರ ತೆಗೆದುಕೊಂಡು ಬನ್ನಿ. ನಾ ನೋಡಬೇಕು.” ಹೆದರಿದವರು ನೋಡಬೇಕೆನ್ನುವುದು ಸುಲಭವಲ್ಲ. ಒಪ್ಪಿಕೊಂಡೆವು.

ಪಾಲೊ ಆಲ್ಟೊ ನಿಲ್ದಾಣವನ್ನು ನಮ್ಮ ಸಾಂತಾಕ್ರೂಜ್ ಕಂಡ ಕಣ್ಣಿನಿಂದ ನೋಡಬಾರದು. ಮುಂಬಯಿಯ ಮುಖ್ಯ ರನ್‌ವೇ ಹನ್ನೊಂದು ಸಾವಿರ ಅಡಿಗೂ ಮೀರಿದ್ದು. ಇಲ್ಲಿಯದು 2,400 ಅಡಿಗೆ ತುಸು ಹೆಚ್ಚು. ಇರುವುದೂ ಅದೊಂದೇ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಕ್ಷಿಣದ ಅಂಚಿನ ಜೌಗುನೆಲ, ಸಮುದ್ರಮಟ್ಟದಿಂದ ಹತ್ತಡಿ ಎತ್ತರವೂ ಇಲ್ಲ. ಒಂದು ಕಡೆ ಗಾಲ್ಫ್ ಮೈದಾನ, ಇನ್ನೊಂದು ಕಡೆ ಹಕ್ಕಿಗಳಿಗೆಂದೇ ಬಿಟ್ಟ ಹುಲ್ಲುಗಾವಲು ಕೆಸರು. ಬೆಳ್ಳಕ್ಕಿಗಳೂ ಇಳಿಯುತ್ತವೆ, ವಿಮಾನಗಳೂ ಇಳಿಯುತ್ತವೆ. ಚಿಕ್ಕದಾದರೂ ನಿಯಂತ್ರಣ ಗೋಪುರವುಂಟು. ಅದರ ಅನುಮತಿಯಿಲ್ಲದೆ ಚಕ್ರ ಉರುಳುವಂತಿಲ್ಲ.

ಅಳಿಯನ ಕ್ಲಬ್ಬಿನ ವಿಮಾನ ಸೆಸ್ನಾ 172. ಈ ಜಾತಿ ಮೊದಲು ಹಾರಿದ್ದು 1955ರಲ್ಲಿ. ಅಂದಿನಿಂದ ನಲವತ್ತನಾಲ್ಕು ಸಾವಿರಕ್ಕೂ ಹೆಚ್ಚು ತಯಾರಾಗಿ, ಜಗತ್ತಿನಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿ ಕಟ್ಟಿದ ವಿಮಾನವೆಂಬ ಹೆಸರು ಪಡೆದಿದೆ. ರೆಕ್ಕೆ ತಲೆಯ ಮೇಲೆ, ಅದಕ್ಕೆ ಆನಿಸಿದ ಓರೆಗಂಬ ಎರಡು ಪಕ್ಕದಲ್ಲಿ, ಮೂಗಿನಲ್ಲಿ ಒಂದೇ ಎಂಜಿನ್ನು. ಬಾಗಿಲು ನಮ್ಮ ಹಳೆಯ ಫಿಯಟ್ ಟ್ಯಾಕ್ಸಿಯ ಬಾಗಿಲಿನಷ್ಟೇ ಹಗುರ; ಮುಚ್ಚಿದಾಗ ಸದ್ದೂ ಹಾಗೆಯೇ. ಈ ಸದ್ದು ಕೇಳಿ ನಮ್ಮಾಕೆಗೆ ಆದ ಯೋಚನೆಯನ್ನು ಇಲ್ಲಿ ಬರೆಯುವುದಿಲ್ಲ.

ಅಳಿಯನ ಆಸೆ ದೊಡ್ಡದಿತ್ತು. ತಾಯಿ ಚಿತ್ರ ಕೇಳಿದ್ದಾಳೆಂದು ತಿಳಿದೊಡನೆ ಅವನು ಎರಡು ಪುಟ್ಟ ಕ್ಯಾಮರಾಗಳನ್ನು ಹೊಂದಿಸಿಕೊಂಡ. ಒಂದೊಂದೂ ಬೆಂಕಿಪೊಟ್ಟಣಕ್ಕಿಂತ ತುಸು ದಪ್ಪ, ನೂರೈವತ್ತು ಗ್ರಾಂ ಭಾರ. ಒಂದನ್ನು ಒಳಗೆ, ಇನ್ನೊಂದನ್ನು ಹೊರಗೆ ರೆಕ್ಕೆಗೆ ಕಟ್ಟಿ, ಗೋಲ್ಡನ್ ಗೇಟ್ ಸೇತುವೆಯ ಮೇಲೆ ತಿರುಗುವಾಗ ರೆಕ್ಕೆ, ಸೇತುವೆ, ಶಾಂತಸಾಗರ ಮೂರೂ ಒಂದೇ ಚಿತ್ರದಲ್ಲಿ ಬರಬೇಕೆಂದು ಅವನ ಸಂಕಲ್ಪ. ಹೊರಗೆ ಅಂಟಿಸಲು ರಬ್ಬರಿನ ಬಟ್ಟಲೊಂದನ್ನು ತಂದಿದ್ದ. ನುಣುಪಾದ ಮೇಲ್ಮೈಗೆ ಒತ್ತಿದರೆ ಒಳಗಿನ ಗಾಳಿ ಹೋಗಿ ಹಲ್ಲಿಯ ಕಾಲಿನ ಹಾಗೆ ಕಚ್ಚಿಕೊಳ್ಳುತ್ತದೆ. ಕಾರಿನ ಗಾಜಿಗೆ ಫೋನು ಸಿಕ್ಕಿಸುವುದಕ್ಕೆ ನಮ್ಮಲ್ಲಿಯೂ ಅದು ಬಂದಿದೆಯಷ್ಟೆ.

ಹಾರುವ ಹಿಂದಿನ ಸಂಜೆ ವಿಮಾನದ ಬಳಿ ಅದನ್ನು ತೋರಿಸಿದಾಗ ಕ್ಲಬ್ಬಿನ ವಿಮಾನಗಳನ್ನು ನೋಡಿಕೊಳ್ಳುವ ಹಿರಿಯ ಮೆಕ್ಯಾನಿಕ್ ತಲೆಯಲ್ಲಾಡಿಸಿದರು. ಅರುವತ್ತು ದಾಟಿದ ಮನುಷ್ಯ, ಮಾತು ಕಡಮೆ. ಅವರು ಹೇಳಿದ್ದನ್ನು ಅಳಿಯ ಕನ್ನಡದಲ್ಲಿ ನಮಗೆ ಹೇಳುತ್ತ ಬಂದ. ಹಾಗೆ ಹೇಳುತ್ತ ಹೇಳುತ್ತ ಅವನ ಮುಖ ಸಪ್ಪೆಯಾಗುತ್ತ ಬಂತು. ಬಟ್ಟಲನ್ನು ಹಿಡಿದಿರುವುದು ಅಂಟಲ್ಲ, ಹೊರಗಿನ ಗಾಳಿಯ ಒತ್ತಡ. ಮೇಲೇರಿದಂತೆ ಆ ಒತ್ತಡವೇ ಇಳಿಯುತ್ತದೆ. ಐದು ಸಾವಿರ ಅಡಿಯಲ್ಲಿ ಆರರಲ್ಲಿ ಒಂದು ಪಾಲು ಹೋಗಿರುತ್ತದೆ. ಇತ್ತ ಎದುರುಗಾಳಿಯ ನೂಕು ಬೇರೆ. ಈ ವಿಮಾನದ ವೇಗ ಗಂಟೆಗೆ ಸುಮಾರು ಇನ್ನೂರು ಕಿಲೋಮೀಟರು. ಆ ಗಾಳಿಯಲ್ಲಿ ಬೆಂಕಿಪೊಟ್ಟಣದಷ್ಟು ವಸ್ತುವಿನ ಮೇಲೂ ಅರ್ಧ ಕಿಲೋ ಭಾರದಷ್ಟು ಒತ್ತು ಬೀಳುತ್ತದೆ. ಅದೂ ಒಂದೇ ಸಮನೆ ಅಲ್ಲ, ಎಂಜಿನ್ನಿನ ನಡುಕದೊಂದಿಗೆ. ಅರ್ಧ ಕಿಲೋ ಏನು ಮಹಾ ಎನ್ನಬಹುದು. ಒಂದು ಗಂಟೆ ಹೊತ್ತು ಅಲುಗಾಡಿಸುತ್ತಲೇ ಎಳೆದರೆ ಗೋಡೆಯ ಮೊಳೆಯೂ ಸಡಿಲವಾಗುತ್ತದೆ.

ಆ ಹಿರಿಯರು ಆಡಿದ ಒಂದು ಮಾತು ನಮಗೆ ಬಹಳ ಹಿಡಿಸಿತು. “ಕಳಚುತ್ತದೆಯೇ ಎಂದು ಕೇಳಬೇಡ, ಕಳಚಿದರೆ ಎಲ್ಲಿಗೆ ಹೋಗುತ್ತದೆ ಎಂದು ಕೇಳು” ಅಂದರು. ಹಾಗೆಂದು ಅವರು ಮೂಗಿನ ಕಡೆಯಿಂದ ಬಾಲದ ಕಡೆಗೆ ಕೈಯಿಂದ ಗೆರೆ ಎಳೆದು ತೋರಿಸಿದರು. ಚಕ್ರದ ಕಾಲಿಗೋ ಒಡಲಿಗೋ ಕಟ್ಟಿದ ಕ್ಯಾಮರಾ ಕಳಚಿದರೆ ನೇರ ಬಾಲದ ರೆಕ್ಕೆಗೆ ಬಡಿಯುತ್ತದೆ. ವಿಮಾನದ ಮೂಗನ್ನು ಏರಿಸಿ ಇಳಿಸುವುದು ಅದೇ ಬಾಲ. ಹೊರಗಡೆಗೆ, ಓರೆಗಂಬ ರೆಕ್ಕೆಗೆ ಸೇರುವಲ್ಲಿ, ಒಂದು ಕಬ್ಬಿಣದ ಬಳೆಯುಂಟು. ಗಾಳಿಗೆ ಹಾರಿಹೋಗದಂತೆ ವಿಮಾನವನ್ನು ನೆಲಕ್ಕೆ ಹಗ್ಗದಿಂದ ಕಟ್ಟಿಡುವುದಕ್ಕೆ. ಕಟ್ಟುವುದಾದರೆ ಅಲ್ಲಿ ಕಟ್ಟು, ರಬ್ಬರಿನಿಂದಲ್ಲ, ಲೋಹದ ಹಿಡಿಕೆಯಿಂದ, ತಿರುಪು ಹಾಕಿ. ಮೇಲೆ ಒಂದು ತಂತಿಯ ಕಾಪು. ಆ ತಂತಿ ಗೇಣುದ್ದಕ್ಕಿಂತ ಹೆಚ್ಚಿರಕೂಡದು. ಉದ್ದವಾದರೆ ಕಳಚಿದ ಕ್ಯಾಮರಾ ಒನಕೆಯಾಗಿ ರೆಕ್ಕೆಯನ್ನು ಕುಟ್ಟುತ್ತದೆ.

ಎಡರೆಕ್ಕೆ ಬೇಡ, ಬಲರೆಕ್ಕೆಯೇ ಆಗಬೇಕೆಂದರು. ಕಾರಣ ಕೇಳಿದೆವು. ಸೆಸ್ನಾದ ಎಡರೆಕ್ಕೆಯಲ್ಲಿ ಮೂರು ಸೂಕ್ಷ್ಮ ಅಂಗಗಳಿವೆ. ಕೆಳಗೆ ಬಾಗಿದ ಒಂದು ಸಣ್ಣ ಕೊಳವೆ ಎದುರುಗಾಳಿಯನ್ನು ಕುಡಿದು ವೇಗವನ್ನು ತಿಳಿಸುತ್ತದೆ. ರೆಕ್ಕೆಯ ಮುಂದಂಚಿನ ಒಂದು ಕಿಂಡಿ, ವೇಗ ತೀರ ಕುಗ್ಗಿ ರೆಕ್ಕೆ ಎತ್ತಿ ಹಿಡಿಯಲಾರದೆ ಹೋಗುವ ಮುನ್ನ ಪೀಪಿಯ ಹಾಗೆ ಕೂಗಿ ಎಚ್ಚರಿಸುತ್ತದೆ. ಪೆಟ್ರೋಲ್ ಟ್ಯಾಂಕಿನ ಉಸಿರುಕೊಳವೆಯೂ ಅಲ್ಲಿಯೇ. ಇವುಗಳ ಮುಂದೆ ಏನಾದರೂ ನಿಂತು ಗಾಳಿಯನ್ನು ಕದಡಿದರೆ ಚಾಲಕನಿಗೆ ಸುಳ್ಳು ವೇಗ ಕಾಣಬಹುದು, ಕೂಗಬೇಕಾದದ್ದು ಕೂಗದಿರಬಹುದು. ಇಷ್ಟು ದೊಡ್ಡ ರೆಕ್ಕೆಯಲ್ಲಿ ಇಷ್ಟು ಚಿಕ್ಕ ಪೆಟ್ಟಿಗೆಗೆ ಜಾಗವಿಲ್ಲವೇ ಎಂದು ನಮಗೆ ಮೊದಲು ಅನಿಸಿತ್ತು. ಆ ಸಂಜೆಯ ಮೇಲೆ ಅನಿಸಲಿಲ್ಲ.

ಆ ದೇಶದಲ್ಲಿ ಹೀಗೆ ಕಟ್ಟುವುದರ ಪೂರ್ಣ ಹೊಣೆ ಚಾಲಕನದು. ಕೆಳಗಿನವರ ಜೀವಕ್ಕೋ ಆಸ್ತಿಗೋ ಅಪಾಯವಾಗುವಂತೆ ವಿಮಾನದಿಂದ ಏನೂ ಬೀಳಕೂಡದೆಂದು ಅವರ ಕಾನೂನು. ಬಿದ್ದ ಉದಾಹರಣೆ ಇಲ್ಲವೆಂದಲ್ಲ. ಕ್ಯಾಲಿಫೋರ್ನಿಯದಲ್ಲಿಯೇ ಕೆಲವು ವರ್ಷಗಳ ಹಿಂದೆ ವಿಮಾನದಿಂದ ಕಳಚಿದ ಕ್ಯಾಮರಾ ಗಿರಗಿರನೆ ತಿರುಗುತ್ತ ಹಂದಿಯ ದೊಡ್ಡಿಯೊಂದರಲ್ಲಿ ಬಿದ್ದು, ಅಲ್ಲಿಯೂ ಚಿತ್ರ ತೆಗೆಯುತ್ತಲೇ ಇತ್ತು. ತಿಂಗಳುಗಳ ಮೇಲೆ ಸಿಕ್ಕಿದಾಗ ಅದರಲ್ಲಿ ಹಂದಿಯ ಮೂತಿಯೂ ಮೂಡಿತ್ತು. ಹಂದಿಯ ಬದಲು ಮನುಷ್ಯನ ತಲೆಯಿದ್ದರೆ ನಗುವ ಮಾತಾಗುತ್ತಿರಲಿಲ್ಲ. ನಮ್ಮ ದೇಶದಲ್ಲಂತೂ 1937ರ ವಿಮಾನ ನಿಯಮಗಳಲ್ಲಿಯೇ ಹಾರುವ ವಿಮಾನದಿಂದ ಚಿತ್ರ ತೆಗೆಯುವುದಕ್ಕೆ ಲಿಖಿತ ಅನುಮತಿ ಬೇಕೆಂದು ವಿಧಿಸಿದ್ದರು. ಇದನ್ನು ಓದಿ ಜಕ್ಕೂರಿನಲ್ಲೋ ಜುಹುವಿನಲ್ಲೋ ಪ್ರಯತ್ನಿಸಲು ಹೊರಡುವ ತರುಣರು ಮೊದಲು ಕಾಗದಪತ್ರದ ದಾರಿ ಹಿಡಿಯುವುದು ಒಳ್ಳೆಯದು.

ಕ್ಯಾಮರಾ ಹೊತ್ತ ವಿಮಾನ ಇಂದಿನ ಹುಡುಗರ ಹುಚ್ಚೇನೂ ಅಲ್ಲ. ರೈಟ್ ಸೋದರರಲ್ಲಿ ಹಿರಿಯನಾದ ವಿಲ್ಬರ್ 1909ರ ಏಪ್ರಿಲ್ 24ರಂದು ರೋಮ್ ನಗರದ ಹತ್ತಿರ ಸೆಂಟೊಚೆಲ್ಲೆ ಮೈದಾನದಲ್ಲಿ ಚಲಚ್ಚಿತ್ರದವನೊಬ್ಬನನ್ನು ಕೂರಿಸಿಕೊಂಡು ಹಾರಿದ. ಆ ಚಿತ್ರ ಇಂದಿಗೂ ಉಳಿದಿದೆ. ಹಾರುವ ವಿಮಾನದಿಂದ ತೆಗೆದ ಚಲಚ್ಚಿತ್ರಗಳಲ್ಲಿ ಅದೇ ಮೊದಲನೆಯದೆಂದು ಎಣಿಕೆ. 1927ರ ‘ವಿಂಗ್ಸ್’ ಚಿತ್ರದಲ್ಲಿ ಕ್ಯಾಮರಾವನ್ನು ಆಸನದ ಮುಂದೆ ಬಿಗಿದು, ಮೇಲೆ ಹೋದ ನಟರೇ ಅದರ ಗುಂಡಿ ಒತ್ತಿಕೊಂಡು ನಟಿಸಿದರು. ಅದರ ನಿರ್ದೇಶಕ ವೆಲ್ಮನ್ ಮೊದಲ ಮಹಾಯುದ್ಧದಲ್ಲಿ ತಾನೇ ಹಾರಿದವನು. ಬರಿಯ ನೀಲಿ ಆಕಾಶದಲ್ಲಿ ವಿಮಾನ ಓಡಿದಂತೆಯೇ ಕಾಣುವುದಿಲ್ಲ, ಹಿಂದೆ ಮೋಡಬೇಕೆಂದು ಹಟಹಿಡಿದು ದಿನಗಟ್ಟಲೆ ಮೋಡಕ್ಕಾಗಿ ಕಾದ. ಖರ್ಚು ಏರಿ ಕಂಪನಿಯವರು ಕುದಿದರು. ಚಿತ್ರಕ್ಕೆ ಮೊತ್ತಮೊದಲ ಆಸ್ಕರ್ ಬಂತು. ಇದರ ಇನ್ನೊಂದು ಮುಖವೂ ಉಂಟು. 1985ರ ಸಪ್ಟೆಂಬರಿನಲ್ಲಿ ‘ಟಾಪ್ ಗನ್’ ಚಿತ್ರಕ್ಕಾಗಿ ಆರ್ಟ್ ಷೋಲ್ ಎಂಬ ಹೆಸರಾಂತ ಚಾಲಕ ತನ್ನ ಪುಟ್ಟ ವಿಮಾನಕ್ಕೆ ಕ್ಯಾಮರಾ ಕಟ್ಟಿಕೊಂಡು, ಬೇಕೆಂದೇ ಬುಗುರಿಯಂತೆ ಸುತ್ತುತ್ತ ಇಳಿದ. ಅಂಥ ಸುತ್ತುಗಳನ್ನು ಲೆಕ್ಕವಿಲ್ಲದಷ್ಟು ಸಾರಿ ಹಾಕಿ ಎದ್ದವನು. ಆ ಸಾರಿ ಏಳಲಿಲ್ಲ. ಶಾಂತಸಾಗರದಲ್ಲಿ ವಿಮಾನವೂ ಸಿಗಲಿಲ್ಲ, ಆತನೂ ಸಿಗಲಿಲ್ಲ, ಕಾರಣವೂ ಸಿಗಲಿಲ್ಲ. ಈ ಕಥೆಯನ್ನು ಅಂದು ಸಂಜೆ ಹೇಳಿದವರು ಆ ಮೆಕ್ಯಾನಿಕ್ಕರೇ; ಹಿಡಿಕೆಯ ತಿರುಪನ್ನು ತಾವೇ ಇನ್ನೊಮ್ಮೆ ಬಿಗಿಯುತ್ತ ಹೇಳಿದರು.

ಒಳಗಿನ ಕ್ಯಾಮರಾಕ್ಕೆ ರಬ್ಬರಿನ ಬಟ್ಟಲು ಸಾಕಾಯಿತು. ಹಿಂದಿನ ಕಿಟಕಿಯ ಗಾಜಿನ ಮೇಲಂಚಿಗೆ, ಚಾಲಕನ ಭುಜದ ಮೇಲಿಂದ ಕೈ ಮತ್ತು ಉಪಕರಣಗಳ ಹಲಗೆ ಕಾಣುವಂತೆ ಅಂಟಿಸಿದರು. ಮುಂದಿನ ಗಾಜಿಗೆ ಅಂಟಿಸಬಾರದೆ ಎಂದರೆ, ಅಲ್ಲಿ ದಿಕ್ಸೂಚಿಯಿದೆ. ಹತ್ತಿರ ವಿದ್ಯುತ್ತಿನ ವಸ್ತು ಬಂದರೆ ಅದರ ಮುಳ್ಳು ದಾರಿ ತಪ್ಪುತ್ತದೆ, ಮೇಲಾಗಿ ಎದುರು ಬರುವ ವಿಮಾನವನ್ನು ಅಷ್ಟು ಜಾಗ ಮರೆಮಾಡುತ್ತದೆ. ಎರಡು ಕ್ಯಾಮರಾಗಳ ಕಣ್ಣಿಗೂ ಕಪ್ಪುಕನ್ನಡಕ ಹಾಕಿದರು. ಇದು ಸೊಗಸಿಗಲ್ಲ. ಎಂಜಿನ್ನಿನ ಮುಂದೆ ತಿರುಗುವ ಪಂಖದ ವೇಗ ನಿಮಿಷಕ್ಕೆ 2,400 ಸುತ್ತು, ಎಂದರೆ ಸೆಕೆಂಡಿಗೆ ನಲವತ್ತು. ಈ ಕ್ಯಾಮರಾಗಳು ಒಂದು ಚಿತ್ರವನ್ನು ಒಮ್ಮೆಗೇ ಹಿಡಿಯುವುದಿಲ್ಲ, ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಓದುತ್ತ ಬರುತ್ತವೆ. ಅಷ್ಟರಲ್ಲಿ ಪಂಖ ಮುಂದೆ ಹೋಗಿರುತ್ತದೆ. ಬಿಸಿಲಿನಲ್ಲಿ ತೆಗೆದರೆ ನೆಟ್ಟಗಿರುವ ಅಲಗು ಬಾಳೆಕಾಯಿಯ ಹಾಗೆ ಬಾಗಿ, ತುಂಡಾಗಿ, ತೇಲಾಡುವಂತೆ ಮೂಡುತ್ತದೆ. ಬೆಳಕನ್ನು ತಗ್ಗಿಸಿ, ಪ್ರತಿ ಚಿತ್ರಕ್ಕೂ ಸೆಕೆಂಡಿನ ಅರವತ್ತನೆಯ ಒಂದು ಪಾಲಿನಷ್ಟು ಹೊತ್ತು ಕಣ್ಣು ತೆರೆಸಿದರೆ ಪಂಖ ಮೂರರಲ್ಲಿ ಎರಡು ಪಾಲು ಸುತ್ತಿ, ನಮ್ಮ ಕಣ್ಣಿಗೆ ಕಾಣುವಂತೆಯೇ ಮಂಜಿನ ತಟ್ಟೆಯಾಗುತ್ತದೆ. ಮೊದಲೊಮ್ಮೆ ಕಪ್ಪುಕನ್ನಡಕವಿಲ್ಲದೆ ತೆಗೆದದ್ದನ್ನು ಅಳಿಯ ತೋರಿಸಿದ. ಅದನ್ನು ಅಕ್ಕ ನೋಡಿದ್ದರೆ ಮಗನ ವಿಮಾನದ ಪಂಖ ಮುರಿದು ಹಾರಿತೆಂದೇ ತಿಳಿಯುತ್ತಿದ್ದಳು.

ಮರುದಿನ ಬೆಳಗ್ಗೆ ಅಳಿಯ ಮೊದಲು ಒಬ್ಬನೇ ಹೋಗಿ ಒಂದು ಸುತ್ತು ಹಾರಿ ಇಳಿದ. ಹೊರಗೆ ಏನಾದರೂ ಕಟ್ಟಿದ ದಿನ ಜನರನ್ನು ಕೂರಿಸುವ ಮುಂಚೆ ಹಾಗೆ ಮಾಡುವುದು ಅವನ ನೇಮ. ಇಳಿದು ಹಿಡಿಕೆಯನ್ನು ಮುಟ್ಟಿ ನೋಡಿದ. ಆಮೇಲೆ ನಮ್ಮ ತೂಕ ಕೇಳಿದ. ಈ ವಿಮಾನ ಎಲ್ಲ ಸೇರಿ 2,450 ಪೌಂಡಿಗಿಂತ ಹೆಚ್ಚು ಹೊತ್ತು ಏಳಬಾರದು. ನಮ್ಮಾಕೆ ಒಂದು ಅಂಕಿ ಹೇಳಿದಳು; ಅಳಿಯ ನಗದೆ “ಅತ್ತೆ, ಇದು ಮದುವೆಮನೆಯಲ್ಲಿ ಹೇಳುವ ತೂಕವೋ ನಿಜದ್ದೋ?” ಎಂದು ಕೇಳಿ, ಹತ್ತು ಪೌಂಡು ಸೇರಿಸಿಕೊಂಡು, ಟ್ಯಾಂಕು ತುಂಬ ಪೆಟ್ರೋಲು ಹಾಕಿಸದೆ ಬಿಟ್ಟ.

ಎಂಜಿನ್ನು ಶುರುಮಾಡುವ ಮುಂಚೆಯೇ ಎರಡೂ ಕ್ಯಾಮರಾಗಳನ್ನು ಚಾಲೂ ಮಾಡಿ ನಮ್ಮ ಕಡೆ ತಿರುಗಿ ಹೇಳಿದ: “ಮಾವ, ಇನ್ನು ಇಳಿದು ಎಂಜಿನ್ನು ನಿಲ್ಲಿಸುವ ತನಕ ಇವನ್ನು ನಾನು ಮುಟ್ಟುವುದಿಲ್ಲ, ನೋಡುವುದಿಲ್ಲ. ನೀವೂ ಮುಟ್ಟಬೇಡಿ. ನಿಂತರೆ ನಿಂತಿತು.” ನಂತರ ತೊಡೆಯ ಮೇಲೆ ಒಂದು ಪಟ್ಟಿ ಇಟ್ಟುಕೊಂಡು ಸಾಲುಸಾಲಾಗಿ ಓದುತ್ತ, ಓದಿದ ಪ್ರತಿ ಗುಂಡಿಯನ್ನೂ ಬೆರಳಿನಿಂದ ಮುಟ್ಟುತ್ತ ಹೋದ. ನೂರಾರು ಸಲ ಹಾರಿದವನಿಗೆ ಬಾಯಿಪಾಠ ಬಂದಿರಲಾರದೆ? ಆದರೂ ಓದಿದ. ಪೂಜೆಗೆ ಕುಳಿತವರು ಅಂಗನ್ಯಾಸ ಮಾಡುವಾಗ ಮುಟ್ಟುವ ಹಾಗೆ ಮುಟ್ಟಿದ.

ಅಂದು ಶನಿವಾರವಾದ್ದರಿಂದ ರನ್‌ವೇಗೆ ಕ್ಯೂ ಇತ್ತು. ಕಲಿಯುವ ಹುಡುಗರ ವಿಮಾನಗಳು ಆರೇಳು ನಮ್ಮ ಮುಂದೆ. ಇಪ್ಪತ್ತೈದು ನಿಮಿಷ ಕಾದು, ಸರದಿ ಬಂದು, ಎದ್ದು, ಬಲಕ್ಕೆ ಹೊರಳಿದೆವು. ಹೊರಳಿದೊಡನೆ ಕೆಳಗಿನದನ್ನು ಕಂಡು ನಮ್ಮ ಬಾಯಿಂದ ಮಾತು ಹೊರಡಲಿಲ್ಲ.

ಕೊಲ್ಲಿಯ ಅಂಚಿನುದ್ದಕ್ಕೂ ಉಪ್ಪಿನ ಆಗರಗಳು! ಹತ್ತಾರು, ನೂರಾರು ಎಕರೆಯ ಚೌಕಗಳು, ನಡುವೆ ದಾರದಂಥ ಬದುಗಳು, ಒಂದೊಂದು ಚೌಕಕ್ಕೆ ಒಂದೊಂದು ಬಣ್ಣ. ಸಮುದ್ರದ ನೀರು ಹೊಸದಾಗಿ ಬಂದದ್ದು ಹಸುರು. ತುಸು ಬತ್ತಿದ್ದು ಕಿತ್ತಳೆ, ಅದರಲ್ಲಿ ಸಣ್ಣ ಸಿಗಡಿಗಳಿರುತ್ತವಂತೆ. ಇನ್ನೇನು ಉಪ್ಪಾಗಲಿರುವುದು ಕುಂಕುಮ ಕಲಸಿದ ಹಾಗೆ ಕೆಂಪು. ಆ ಗಾಢವಾದ ಉಪ್ಪುನೀರಿನಲ್ಲಿಯೂ ಬದುಕಬಲ್ಲ ಪಾಚಿ ಮತ್ತು ಸೂಕ್ಷ್ಮಜೀವಿಗಳಿಂದ ಆ ಬಣ್ಣ. ಈ ಕೊಲ್ಲಿಯಲ್ಲಿ ವ್ಯಾಪಾರಕ್ಕೆ ಉಪ್ಪು ತೆಗೆಯುವುದು 1850ರ ದಶಕದಿಂದ ನಡೆದಿದೆ; ಅದಕ್ಕೂ ಮುಂಚೆ ಅಲ್ಲಿಯ ಮೂಲನಿವಾಸಿಗಳು ತಮ್ಮ ಬಳಕೆಗೆ ತೆಗೆಯುತ್ತಿದ್ದರು. 2003ರಲ್ಲಿ ಸರ್ಕಾರ 15,100 ಎಕರೆ ಆಗರವನ್ನು ಕೊಂಡು, ಬದು ಒಡೆದು, ಮತ್ತೆ ಹಕ್ಕಿಗಳಿಗೂ ಮೀನಿಗೂ ಬಿಡುವ ಕೆಲಸಕ್ಕೆ ಕೈಹಾಕಿತು. ಆದ್ದರಿಂದ ಮೇಲಿನಿಂದ ಎರಡೂ ಕಾಣುತ್ತವೆ, ಗೆರೆ ಕೊರೆದಂಥ ಕೆಂಪು ಚೌಕಗಳು ಒಂದು ಕಡೆ, ಅವುಗಳ ಪಕ್ಕದಲ್ಲಿಯೇ ಮರದ ಬೇರಿನಂತೆ ಕವಲೊಡೆದ ಕೆಸರಿನ ಕಾಲುವೆಗಳು.

ನಮ್ಮ ಸಂಘದ ಹಿರಿಯರಿಗೆ ನೆನಪಿರಬಹುದು: ಸೆಂಟ್ರಲ್ ಲೈನಿನ ಗಾಡಿ ಕಾಂಜೂರಮಾರ್ಗ ಭಾಂಡುಪ ದಾಟುವಾಗ ಪೂರ್ವಕ್ಕೆ ಹೊಳೆಯುತ್ತಿದ್ದ ಆಗರಗಳು. ಮುಲುಂಡಿನಲ್ಲಿ ಮಿಠಾಗರ ರಸ್ತೆ ಎಂಬ ಹೆಸರೇ ಅದರಿಂದ ಬಂತು. ಮುಂಬಯಿಗೆ ಬಂದ ಹೊಸತರಲ್ಲಿ ನಾವು ಆ ಕಡೆಯ ಕಿಟಕಿಗೇ ಹೋಗಿ ನಿಲ್ಲುತ್ತಿದ್ದೆವು. ಸಾಣಿಕಟ್ಟಾದಲ್ಲಿ ಹುಟ್ಟಿದವರಿಗೆ ಅದು ಊರ ಕಿಟಕಿ. ಅಘನಾಶಿನಿಯ ಅಳಿವೆಯ ಪಕ್ಕದ ನಮ್ಮ ಆಗರಗಳಲ್ಲಿ ಬೇಸಗೆಯುದ್ದಕ್ಕೂ ಬರಿಗಾಲಲ್ಲಿ ನಿಂತು ಉಪ್ಪು ಎಳೆದವರ ಅಂಗಾಲು ಹೇಗಿರುತ್ತದೆಂದು ನಾವು ಬಲ್ಲೆವು. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಸೀಮೆ ಅದು. ಜೀವಮಾನವಿಡೀ ಬದುವಿನ ಮೇಲೆ ನಡೆದು ನೋಡಿದ ಆಗರವನ್ನು ನಾವು ಮೇಲಿನಿಂದ ಕಂಡಿದ್ದು ಅದೇ ಮೊದಲು. ಬಲರೆಕ್ಕೆ ಅದರ ಕಡೆಗೇ ವಾಲಿತ್ತು. ರೆಕ್ಕೆಯ ಕೆಳಗೆ ಪುಟ್ಟ ಕ್ಯಾಮರಾದ ಕೆಂಪು ದೀಪ ಮಿಣುಕುತ್ತಿತ್ತು.

ಅಲ್ಲಿಂದ ಪಶ್ಚಿಮಕ್ಕೆ ತಿರುಗಿ, ಕ್ರಿಸ್ಟಲ್ ಸ್ಪ್ರಿಂಗ್ಸ್ ಎಂಬ ನೀಳವಾದ ಕೆರೆಗಳ ಮೇಲೆ ಉತ್ತರಕ್ಕೆ ಹೊರಟೆವು. ಅಳತೆಪಟ್ಟಿ ಇಟ್ಟು ಗೀಚಿದಂತೆ ನೇರವಾದ ಕಣಿವೆ. ಇಷ್ಟು ನೇರವಾಗಿ ನೀರು ಕೊರೆಯುವುದಿಲ್ಲ. ಅದು ಭೂಮಿಯ ಬಿರುಕು, ಸ್ಯಾನ್ ಆಂಡ್ರಿಯಾಸ್. 1906ರ ಏಪ್ರಿಲಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರವನ್ನು ಕೆಡವಿದ್ದು ಇದೇ. ಬಿರುಕಿಗೆ ಹೆಸರು ಬಂದದ್ದು ಅಲ್ಲೇ ಮುಂದೆ ಇರುವ ಒಂದು ಕೆರೆಯಿಂದ. ಕೆಳಗಿನ ಕಾಂಕ್ರೀಟಿನ ಅಣೆಕಟ್ಟು 1888ರಲ್ಲಿ ಮುಗಿದದ್ದು. ಬಿರುಕಿನ ಪಕ್ಕದಲ್ಲಿದ್ದೂ ಅದು ಆ ಭೂಕಂಪಕ್ಕೆ ಜಗ್ಗಲಿಲ್ಲ.

ಅಲ್ಲಿಗೆ ಹತ್ತಿರವೇ ದೊಡ್ಡ ನಿಲ್ದಾಣದ ಆಕಾಶ. ಅದರೊಳಗೆ ಕಾಲಿಡುವುದಕ್ಕೆ ರೇಡಿಯೊದಲ್ಲಿ ಸ್ಪಷ್ಟ ಮಾತಿನ ಅಪ್ಪಣೆ ಬೇಕು. ಅಳಿಯ ತನ್ನ ವಿಮಾನದ ಸಂಖ್ಯೆ ಹೇಳಿ ಕಿವಿಗೊಟ್ಟು ಕುಳಿತಿದ್ದ. ಆಗಲೇ ನಮ್ಮಾಕೆ ಹಿಂದಿನಿಂದ ನಮ್ಮ ಭುಜ ತಟ್ಟಿ ಬಲರೆಕ್ಕೆಯನ್ನು ತೋರಿಸಿದಳು. ಕೆಂಪು ದೀಪ ಆರಿತ್ತು. ಗೋಲ್ಡನ್ ಗೇಟ್ ಇನ್ನೂ ಎಂಟು ಹತ್ತು ನಿಮಿಷದ ದಾರಿ. ನಾವು ಮೈಕಿನಲ್ಲಿ ಮೆಲ್ಲನೆ, “ಹೊರಗಿನ ಕ್ಯಾಮರಾ ನಿಂತಿದೆಯಪ್ಪ” ಎಂದೆವು. ಅವನು ಬಲಕ್ಕೆ ತಲೆ ತಿರುಗಿಸಲಿಲ್ಲ. ಒಂದು ಬೆರಳೆತ್ತಿ ಸುಮ್ಮನಿರಿ ಎಂದು ಸನ್ನೆ ಮಾಡಿದ. ರೇಡಿಯೊದಲ್ಲಿ ಅಪ್ಪಣೆ ಬಂತು. ಅದನ್ನು ಅಕ್ಷರ ಬಿಡದೆ ತಿರುಗಿ ಹೇಳಿದ. ಎತ್ತರ ನೋಡಿದ, ದಿಕ್ಕು ನೋಡಿದ, ಎಡಕ್ಕೆ ಬಲಕ್ಕೆ ಬೇರೆ ವಿಮಾನಗಳನ್ನು ಹುಡುಕಿದ. ಇದೆಲ್ಲ ಆದ ಮೇಲೆ, “ಇರಲಿ ಬಿಡಿ ಮಾವ” ಅಂದ. ಅಷ್ಟೇ. ಮೂರು ವಾರ ಆ ಒಂದು ಚಿತ್ರಕ್ಕಾಗಿ ನಿದ್ದೆಗೆಟ್ಟವನು ಅವನು.

ಸೇತುವೆಯನ್ನು ನಾವು ಕಣ್ಣಾರೆ ಕಂಡೆವು. 746 ಅಡಿ ಎತ್ತರದ ಎರಡು ಗೋಪುರಗಳು ಕೆಳಗೆ ಗೊಂಬೆಯ ಹಾಗೆ. ನಡುವಣ ತೂಗು 4,200 ಅಡಿ. 1937ರಲ್ಲಿ ತೆರೆದದ್ದು. ಸಮುದ್ರದ ಕಡೆಯಿಂದ ಮಂಜಿನ ಒಂದು ನಾಲಗೆ ಅದರಡಿಗೆ ನುಗ್ಗುತ್ತಿತ್ತು. ಇದನ್ನು ಬಣ್ಣಿಸಿದವರು ಬಹಳ, ನಾವು ಹೆಚ್ಚು ಹೇಳುವುದಿಲ್ಲ. 1963ರಲ್ಲಿ ಮುಚ್ಚಿದ ಸೆರೆಮನೆಯ ಅಲ್ಕಟ್ರಾಜ್ ದ್ವೀಪವನ್ನು ಬಲಕ್ಕೆ ಬಿಟ್ಟು ಮರಳಿದೆವು. ಇಳಿಯುವಾಗ ಪಕ್ಕದ ಗಾಳಿ ಒಂದೆರಡು ಸಾರಿ ಎತ್ತಿ ಕುಕ್ಕಿತು. ನಮ್ಮಾಕೆಯ ತುಟಿ ಅಲುಗುತ್ತಿದ್ದುದನ್ನು ನೋಡಿದರೆ ವಿಷ್ಣುಸಹಸ್ರನಾಮ ಅರ್ಧಕ್ಕೆ ಬಂದಿರಬೇಕು. ಚಕ್ರ ನೆಲಕ್ಕೆ ತಾಗಿದ್ದು ಮಾತ್ರ ತಿಳಿಯಲೇ ಇಲ್ಲ.

ನೋಡಿದರೆ ಕೆಟ್ಟದ್ದೇನೂ ಇಲ್ಲ. ಕ್ಯೂನಲ್ಲಿ ಕಾದ ಹೊತ್ತು, ಮೇಲಿನ ತಂಡಿಗಾಳಿ, ಎರಡೂ ಸೇರಿ ಬ್ಯಾಟರಿಯನ್ನು ಬರಿದು ಮಾಡಿದ್ದವು. ಹಿಡಿಕೆ ಹಾಕಿದ ಜಾಗದಿಂದ ಕೂದಲೆಳೆಯಷ್ಟೂ ಜರುಗಿರಲಿಲ್ಲ. ಆ ಹಿರಿಯ ಮೆಕ್ಯಾನಿಕ್ಕರು ಬಂದು ಹಿಡಿಕೆಯನ್ನು ನೋಡಿದರು, ಚಿತ್ರ ಬಂತೇ ಎಂದು ಕೇಳಲಿಲ್ಲ.

ನಾವು ಮರಳಿ ಬಂದು, ದೀಪಾವಳಿಗೆ ಸಾಣಿಕಟ್ಟಾಕ್ಕೆ ಹೋದಾಗ ಅಕ್ಕನಿಗೆ ಆ ಚಿತ್ರವನ್ನು ತೋರಿಸಿದೆವು. ಜಗಲಿಯ ಮೇಲೆ ಕನ್ನಡಕ ಹಾಕಿಕೊಂಡು ಕುಳಿತಳು. ಒಳಗಿನ ಕ್ಯಾಮರಾದ ಚಿತ್ರ ಮೊದಲಿನಿಂದ ಕೊನೆಯ ತನಕ ಇತ್ತು. ಮುಖ ಹೆಚ್ಚು ಕಾಣುವುದಿಲ್ಲ, ಕೈ ಕಾಣುತ್ತದೆ. ಪಟ್ಟಿ ಓದಿ ಮುಟ್ಟುವ ಭಾಗವನ್ನು ಎರಡು ಸಾರಿ ಹಾಕಿಸಿಕೊಂಡಳು. ರೆಕ್ಕೆಯ ಬಳಿ ದೀಪ ಆರಿದ ಜಾಗದಲ್ಲಿ, “ತಮ್ಮಾ, ನೀ ಹೇಳಿದರೂ ಅವ ತಿರುಗಿ ನೋಡಲಿಲ್ಲವಲ್ಲ” ಅಂದಳು. ಇಲ್ಲವೆಂದೆವು. “ಹ್ಞೂಂ” ಎಂದಳು.

ಆಮೇಲೆ ಹೊರಗಿನ ಕ್ಯಾಮರಾದ್ದು. ರೆಕ್ಕೆ ವಾಲಿ ಆಗರ ಕಂಡದ್ದೇ ಅವಳು ಫೋನನ್ನು ನಮ್ಮ ಕೈಯಿಂದ ತೆಗೆದುಕೊಂಡಳು. ಹಸುರಿನದು ಯಾವುದು, ಕೆಂಪಿನದು ಯಾವುದೆಂದು ನಾವು ಹೇಳಹೊರಟರೆ ಕೇಳಲಿಲ್ಲ. ಯಾವ ಚೌಕದಿಂದ ಯಾವುದಕ್ಕೆ ನೀರು ಬಿಡುತ್ತಾರೆಂದು ನಮಗೇ ಬೆರಳಿಟ್ಟು ತೋರಿಸಿದಳು. ಆ ರಾತ್ರಿಯೇ ಮಗನಿಗೆ ಫೋನು ಹಚ್ಚಿಸಿದಳು. ಹಾರಾಟದ ಮಾತು ಅವಳಾಗಿ ಎತ್ತಿದ್ದು ಅದೇ ಮೊದಲು.

“ನೀರು ಅಷ್ಟು ಕೆಂಪಾಗಿದೆಯಲ್ಲ, ಅವರು ಇನ್ನೂ ಎಳೆಯಲಿಕ್ಕೆ ಹಿಡಿಯಲಿಲ್ಲವೋ?”

ಅಲ್ಲಿ ಜನ ಇಳಿದು ಎಳೆಯುವುದಿಲ್ಲ ಆಯಿ, ಯಂತ್ರದಿಂದ ಬಾಚಿ ಗುಡ್ಡದಂತೆ ರಾಶಿ ಹಾಕುತ್ತಾರೆ ಎಂದು ಅವನು ವಿವರಿಸಿದ.

“ಹಾಗಾದರೆ ರಾಶಿ ಹಾಕಿದ ಮೇಲೆ ಇನ್ನೊಮ್ಮೆ ಹೋಗಿ ತೆಗೆ. ಸೇತುವೆ ಬೇಡ” ಎಂದಳು ಅಕ್ಕ.